ಬತೇರಿಯ ಮೇಲೆ ಊಳಿಟ್ಟ ನರಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಹಾಲಮ್ಮನವರು. ಸಂಜೆ ದೇವರ ಮುಂದೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡ ಮೇಲೆಯೇ ಅವರು ಕಥೆಗೆ ಬಾಯಿ ತೆರೆಯುತ್ತಿದ್ದರು. ಅವರು ಹೇಳಿದಂತೆಯೇ ಹೇಳುತ್ತೇನೆ.

ಒಂದು ಕಾಡಿನಲ್ಲಿ ಪ್ರಾಣಿಗಳ ಮರಿಗಳಿಗೆಂದು ಒಂದು ಶಾಲೆ ಇತ್ತು. ಬೋರಯ್ಯ ಎಂಬ ಕಪ್ಪು ಮೋರೆಯ ಮುದಿ ಮುಸುವ ಕೋತಿ ಅಲ್ಲಿಯ ಮೇಷ್ಟ್ರು. ಅವರಿಗೆ ಚರಿತ್ರೆ ಎಂದರೆ ಪ್ರಾಣ. ವರ್ಷಕ್ಕೊಮ್ಮೆ ಮರಿಗಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದರು. ಆ ಪ್ರವಾಸಕ್ಕೆ ಒಂದು ಪದ್ಧತಿ ಇತ್ತು. ದಾರಿಯಲ್ಲಿ ಯಾರಾದರೂ ತಮ್ಮ ಹಿರಿಯರ ಸಾಹಸ ಹೇಳಿಕೊಂಡರೆ, ಬಾಯಲ್ಲಿ ಹೇಳಿದರಷ್ಟೇ ಸಾಲದು. ಅದನ್ನು ಅಲ್ಲೇ ಮಾಡಿ ತೋರಿಸಬೇಕು.

ಆ ವರ್ಷ ಹೊರಟದ್ದು ಗುಡ್ಡದ ಮೇಲಿನ ಹಳೆಯ ಕೋಟೆಗೆ. ದಾರಿಯುದ್ದಕ್ಕೂ ಮೇಷ್ಟ್ರು ಹೆಜ್ಜೆಗುರುತು, ಹುತ್ತ, ಹಕ್ಕಿಗೂಡು ತೋರಿಸಿದರು. ನಡುದಾರಿಯಲ್ಲಿ ಸಿಕ್ಕ ಕರಡಿಯಕ್ಕ ತನ್ನ ಅಜ್ಜಿ ಜೇನಿಗಾಗಿ ಹತ್ತಿದ ಹೆಬ್ಬಂಡೆಯ ಕಥೆ ಹೇಳಿ, ಮೊಣಕಾಲು ನೋವಿದ್ದರೂ ಅದನ್ನು ತಾನೂ ಹತ್ತಿ, ಏದುಸಿರು ಬಿಡುತ್ತಾ ಇಳಿದಳು.

ಕೋಟೆಯ ಬಾಗಿಲಲ್ಲಿ ಕೆಂಚಪ್ಪ ಎಂಬ ನರಿ ಕೂತಿದ್ದ.

"ಬನ್ನಿ ಮೇಷ್ಟ್ರೇ, ಬನ್ನಿ. ಮಕ್ಕಳು ಬಿಸಿಲಿಗೆ ಬಾಡಿಹೋಗಿದ್ದಾವೆ. ಕೋಟೆ ತೋರಿಸೋರು ಬೇಡವೇ?" ಎಂದ. ಅವನ ಕಣ್ಣು ಮೊಲದ ಮರಿ ನಿಂಗಿಯ ಮೇಲೆಯೇ ಇತ್ತು. ಮಕ್ಕಳೆಂದರೆ ಅಕ್ಕರೆ ಇರಬೇಕು ಎಂದುಕೊಂಡರು ಮೇಷ್ಟ್ರು.

ಕೆಂಚಪ್ಪ ಎಲ್ಲರನ್ನೂ ಕೋಟೆಗೋಡೆಯ ಕಾವಲು ಬುರುಜಾದ ಬತೇರಿಯ ಮೇಲೆ ಹತ್ತಿಸಿದ. "ಪರದೇಶದ ದಂಡು ಈ ಕೋಟೆಗೆ ಮುತ್ತಿಗೆ ಹಾಕಿದಾಗ ಕಾವಲಿನವರಿಗೆ ಜೊಂಪು ಹತ್ತಿತ್ತು. ಆಗ ಇಲ್ಲೇ ನಿಂತು, ಊಳಿಟ್ಟು, ಕೋಟೆಯನ್ನೆಲ್ಲ ಎಬ್ಬಿಸಿದ್ದು ಯಾರು? ನಮ್ಮ ಮುತ್ತಾತ! ದೇಶದ ಮಾನ ಉಳಿದದ್ದೇ ಅವನ ಗಂಟಲಿನಿಂದ."

ಇಷ್ಟು ಕಾಲ ಯಾರೂ ಹೇಳದಿದ್ದ ಸಂಗತಿ ಇದು! ಮೇಷ್ಟ್ರ ಕಣ್ಣು ತುಂಬಿ ಬಂತು. "ಕೇಳಿಸಿಕೊಂಡಿರೇನ್ರೋ ಮಕ್ಕಳೇ?" ಎಂದರು.

"ಮುತ್ತಾತ ಓಡಾಡಿದ ಸುರಂಗ ಅಗೋ, ಅಲ್ಲಿದೆ. ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗಿ ಆಚೆ ಬಾಗಿಲಲ್ಲಿ ಬಿಡ್ತೀನಿ. ಮೊದಲು ಈ ದುಂಡು ಮರಿ ಬರಲಿ. ನೀವು ಇಲ್ಲೇ ದಣಿವಾರಿಸಿಕೊಳ್ಳಿ ಮೇಷ್ಟ್ರೇ."

ಮೇಷ್ಟ್ರು ನಿಂಗಿಯ ಬೆನ್ನು ತಟ್ಟಿ, "ಹೋಗವ್ವ" ಎಂದರು.

ನಿಂಗಿ ಎರಡು ಹೆಜ್ಜೆ ಇಟ್ಟು ನಿಂತಳು. "ಮೇಷ್ಟ್ರೇ, ನರಿಮಾವ ಊಳಿಟ್ಟು ತೋರಿಸಲೇ ಇಲ್ಲ."

"ಹೌದಲ್ಲ! ಕೆಂಚಪ್ಪನವರೇ, ತಪ್ಪು ತಿಳೀಬೇಡಿ. ಇದು ನಮ್ಮ ಶಾಲೆಯ ಪದ್ಧತಿ."

ಕೆಂಚಪ್ಪ ಕೆಳಗೆ ಇಣುಕಿದ. ಗುಡ್ಡದ ಬುಡದಲ್ಲಿ ಕುರಿಮಂದೆ ಮೇಯುತ್ತಿತ್ತು. ಮರದ ನೆರಳಲ್ಲಿ ಮಂದೆಯ ನಾಯಿಗಳು ಮಲಗಿದ್ದವು.

"ಗಂಟಲು ಕೆಟ್ಟಿದೆ. ಆಮೇಲೆ ನೋಡೋಣ."

"ಕರಡಿಯಕ್ಕ ಮೊಣಕಾಲು ನೋವಿದ್ರೂ ಬಂಡೆ ಹತ್ತಿದಳು ಮಾವ" ಎಂದಿತು ಮುಳ್ಳುಹಂದಿಯ ಮರಿ.

ಬೇರೆ ದಾರಿಯಿಲ್ಲದೆ ಕೆಂಚಪ್ಪ ಮೆಲ್ಲಗೆ "ಊ" ಎಂದ.

"ಅಯ್ಯೋ, ಇದಕ್ಕೆ ನಮ್ಮನೆ ಪಾಪುನೂ ಏಳಲ್ಲ! ನಿಮ್ಮ ಮುತ್ತಾತ ಹೀಗೇ ಊಳಿಟ್ಟಿದ್ದರೆ ಕೋಟೆ ಹೋಗಿಯೇಬಿಡ್ತಿತ್ತು!" ಎಂದಳು ನಿಂಗಿ.

ಮರಿಗಳು ಕಿಸಕ್ಕನೆ ನಕ್ಕವು. ಮೇಷ್ಟ್ರ ಹುಬ್ಬೂ ಸ್ವಲ್ಪ ಮೇಲೇರಿತು. ಈಗ ಹಿಂಜರಿದರೆ ಹೇಳಿದ ಮಾತೂ ಸುಳ್ಳಾಗುತ್ತದೆ, ಎದುರಿಗಿರುವ ಊಟವೂ ತಪ್ಪುತ್ತದೆ ಎಂದು ಕೆಂಚಪ್ಪ ಕತ್ತೆತ್ತಿ, ಕಣ್ಣು ಮುಚ್ಚಿ, ಗುಡ್ಡವೆಲ್ಲ ಮೊಳಗುವಂತೆ ಊಳಿಟ್ಟ.

ಕೆಳಗೆ ನಾಯಿಗಳು ಎದ್ದವು. ಬೊಗಳುತ್ತಾ ಮೆಟ್ಟಿಲೇರಿ ಬಂದವು. ಮೇಷ್ಟ್ರು "ಗೋಡೆ ಸಂದಿಗೆ ನುಗ್ಗಿ!" ಎಂದು ಕೂಗಿ ಮರಿಗಳನ್ನೆಲ್ಲ ಒಳಗೆ ತಳ್ಳಿದರು. ನಿಂಗಿಯನ್ನು ಎದೆಗವಚಿಕೊಂಡು ಗೋಡೆಯ ಮೇಲಕ್ಕೆ ಹಾರಿದರು. ನಾಯಿಗಳು ಅವರತ್ತ ತಿರುಗಿಯೂ ನೋಡಲಿಲ್ಲ. ಕೆಂಚಪ್ಪನನ್ನು ಬತೇರಿಯ ಅಂಚಿನವರೆಗೂ ಅಟ್ಟಿದವು. ಅವನು ಕೆಳಗಿನ ಪಾಪಸ್ಕಳ್ಳಿಯ ಪೊದೆಗೆ ಹಾರಿ, ಮೈತುಂಬ ಮುಳ್ಳು ಚುಚ್ಚಿಸಿಕೊಂಡು, ಈ ಸಲ ಯಾರೂ ಕೇಳದೆಯೇ ಊಳಿಡುತ್ತಾ ಕಾಡು ದಾಟಿ ಓಡಿದ.

ನಾಯಿಗಳು ಮಂದೆಗೆ ಮರಳಿದ ಮೇಲೆ ಮೇಷ್ಟ್ರು ಒಬ್ಬರೇ ಸುರಂಗದೊಳಗೆ ಹೋದರು. ನಾಲ್ಕು ಮಾರು ಹೋಗುವಷ್ಟರಲ್ಲಿ ಕಲ್ಲುಗೋಡೆ ಅಡ್ಡ ಬಂತು. ಅದರ ಬುಡದಲ್ಲಿ ಮೊಲದ ತುಪ್ಪಳ, ಸಣ್ಣ ಸಣ್ಣ ಮೂಳೆ. "ಶಿವನೇ, ಕಾಪಾಡಿದೆ" ಎಂದು ಅಲ್ಲೇ ಕೈಮುಗಿದರು. ಹೊರಗೆ ಬಂದು ಮರಿಗಳನ್ನು ಒಂದೊಂದಾಗಿ ಎಣಿಸಿದರು.

"ಆಚೆ ಬಾಗಿಲು ಸಿಕ್ತಾ ಮೇಷ್ಟ್ರೇ?" ಎಂದಳು ನಿಂಗಿ.

"ಆಚೆ ಬಾಗಿಲೇ ಇಲ್ಲವ್ವ. ಕತೆ ಕೇಳೋಕೆ ಚೆಂದ ಇತ್ತು. ಅಷ್ಟಕ್ಕೇ ನಂಬಿ ನಿನ್ನನ್ನು ಕಳಿಸಿಬಿಡ್ತಿದ್ದೆ." ಮೇಷ್ಟ್ರು ಅವಳ ತಲೆ ಸವರಿದರು. "ಇನ್ನು ಮೇಲೆ ಸುರಂಗವಾಗಲಿ, ಚರಿತ್ರೆಯಾಗಲಿ, ಮೊದಲು ನಾನು ಒಳಹೊಕ್ಕು ನೋಡಿ ಬರ್ತೀನಿ. ಆಮೇಲೆ ನೀವು."

ನೀತಿ: ಹಿರಿಯರ ಹೆಸರು ಹೇಳಿ ಮೋಸ ಮಾಡಹೊರಟವನಿಗೆ ಅವನ ಸುಳ್ಳೇ ಉರುಳಾಗುತ್ತದೆ, ಎಷ್ಟೇ ಸೊಗಸಾದ ಮಾತನ್ನೂ ಪರೀಕ್ಷಿಸಿಯೇ ನಂಬಬೇಕು.

ನಿಮ್ಮ ಮನೆಯ ಮಕ್ಕಳು ಶಾಲೆಯಿಂದ ಪ್ರವಾಸಕ್ಕೆ ಹೊರಟಾಗ, ಬುತ್ತಿ ಕಟ್ಟಿಕೊಡುತ್ತಾ ಈ ಕಥೆಯನ್ನೂ ಅವರ ಕಿವಿಗೆ ಹಾಕಿ ಕಳಿಸಿ.