ತೋಳವೂ ಕೊರಳಪಟ್ಟಿಯೂ

ಕುರುಚಲು ಕಾಡಿನಲ್ಲಿ ಮರಿ ಹಾಕಿದ್ದ ತೋಳವೊಂದಕ್ಕೆ ಊರನಾಯಿಗಳ ಜ್ವರ ತಗುಲಿತು. ತನ್ನ ಕುತ್ತಿಗೆಗೆ ಸಂಶೋಧಕಿಯೊಬ್ಬಳು ಕಟ್ಟಿಹೋಗಿದ್ದ ರೇಡಿಯೋ ಪಟ್ಟಿಯನ್ನು ಅದು ಕೇಳಿತು: "ನನ್ನ ಸುದ್ದಿಯನ್ನು ಆಕೆಗೆ ಮುಟ್ಟಿಸುವುದು ನೀನೇ ಅಲ್ಲವೆ? ನನಗೆ ರೋಗ ಬಂದಿದೆಯೆಂದು ಹೇಳಿದೆಯಾ?"

"ಹೇಳಿದೆ," ಎಂದಿತು ಪಟ್ಟಿ. "ಆಕೆಗೆ ಬಹಳ ಸಂತೋಷವಾಗಿದೆ. ತಾಯಿಯ ರೋಗ ಮರಿಗಳ ರಕ್ತದಲ್ಲೂ ಗುರುತು ಬಿಡುತ್ತದೆಯೇ ಎಂಬುದೇ ಆಕೆಯ ಪಿಎಚ್‌.ಡಿ. ವಿಷಯ."

"ಹಾಗಾದರೆ ಮದ್ದು ಕೊಡಲು ಯಾವಾಗ ಬರುತ್ತಾಳೆ?"

"ನೀನು ಓಡಾಡುತ್ತಿರುವ ತನಕ ಬರುವುದಿಲ್ಲ. ಅಲುಗಾಡುವುದು ನಿಂತರೆ ಆ ಕ್ಷಣವೇ ಹೊರಡುತ್ತಾಳೆ."

ತೋಳ ಮರಿಗಳ ಮುಖ ನೋಡಿತು. ಆಮೇಲೆ ಗವಿಯ ಬಾಯಲ್ಲಿ ಸತ್ತಂತೆ ಬಿದ್ದುಕೊಂಡಿತು. ಪಟ್ಟಿ ಸುದ್ದಿ ಕಳಿಸಿತು. ಹೊತ್ತು ಇಳಿಯುವುದರೊಳಗೆ ಸಂಶೋಧಕಿ ಸೌದಾಮಿನಿ, ಐಸ್ ಪೆಟ್ಟಿಗೆ ಹೊತ್ತ ಸಹಾಯಕ ಫಕೀರಪ್ಪನೊಂದಿಗೆ ಓಡೋಡಿ ಬಂದಳು. ತೋಳ ಆಸೆಯಿಂದ ಕಣ್ಣು ತೆರೆಯಿತು.

"ಮೇಡಂ, ಇನ್ನೂ ಜೀವ ಐತ್ರಿ," ಎಂದ ಫಕೀರಪ್ಪ. "ಡಾಕ್ಟರನ್ನ ಕರಸೋಣೇನ್ರಿ?"

"ಬೇಡ ಫಕೀರಪ್ಪ. ಈಗ ಮದ್ದು ಕೊಟ್ಟರೆ ರೋಗದ ಗುರುತು ಯಾವುದು, ಮದ್ದಿನ ಗುರುತು ಯಾವುದು ಅಂತ ಗೊತ್ತಾಗಲ್ಲ. ಇಷ್ಟು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ."

ಮರಿಗಳ ರಕ್ತ ತೆಗೆದುಕೊಂಡು ಇಬ್ಬರೂ ಹೊರಟುಹೋದರು.

"ಇಷ್ಟು ಹತ್ತಿರ ಬಂದವಳು ಬಿಟ್ಟೇ ಹೋದಳಲ್ಲ!" ಎಂದು ತೋಳ ನರಳಿತು.

"ಬೇಸರ ಮಾಡಿಕೊಳ್ಳಬೇಡ," ಎಂದಿತು ಪಟ್ಟಿ. "ನೀನು ಬರೀ ನಟಿಸಿದೆ, ಅದಕ್ಕೇ ಹೀಗಾಯಿತು. ನಿಜವಾಗಿ ಅಲುಗಾಡದೆ ಮಲಗಿದ ದಿನ ನಿನ್ನನ್ನು ಇಲ್ಲಿ ಬಿಟ್ಟುಹೋಗುವುದಿಲ್ಲ. ಐಸಿನಲ್ಲಿಟ್ಟು ಜೋಪಾನವಾಗಿ ಕರೆದೊಯ್ಯುತ್ತಾಳೆ."