ಸಾಲು ತಪ್ಪಿದ ಚುಕ್ಕಿಗಳು

ಕಂಪ್ಯೂಟರ್ ಪರದೆಯ ಮೇಲೆ ರಂಗೋಲಿ ಬಿಡಿಸುವ ಕುಂಚವೊಂದಿತ್ತು. ದಿನವೂ ಅದೇ ತಾವರೆ ಬಿಡಿಸಿ ಬೇಸತ್ತ ಅದು, ಮರುಗಳಿಗೆ ಎಲ್ಲಿರುತ್ತೇನೆಂದು ತನಗೇ ತಿಳಿಯದ ಕ್ವಾಂಟಮ್ ಯಂತ್ರದ ಕಣವನ್ನು ಕರೆದು, "ಚುಕ್ಕಿ ನೀನಿಡು, ಎಳೆ ನಾನೆಳೆಯುತ್ತೇನೆ" ಎಂದಿತು.

ಕಣ ಕುಣಿಕುಣಿದು ಕಂಡಕಂಡಲ್ಲಿ ಚುಕ್ಕಿ ಎಸೆಯಿತು. "ಅಯ್ಯೋ, ಸಾಲು ತಪ್ಪಿತು!" ಎಂದು ಕುಂಚ ಎಲ್ಲವನ್ನೂ ಸಾಲಿಗೆ ಎಳೆದು ತಂದು ಎಳೆ ಸುತ್ತಿತು. ಮತ್ತೆ ತಾವರೆ!

"ಅವನ್ನು ಅವುಗಳ ಪಾಡಿಗೆ ಬಿಡಯ್ಯಾ" ಎಂದು ಕಣ ಇನ್ನೊಂದು ಹಿಡಿ ಎರಚಿತು. ಈ ಸಲ ಕುಂಚ ಒಂದನ್ನೂ ಸರಿಸದೆ, ಚುಕ್ಕಿ ಬಿದ್ದಲ್ಲೆಲ್ಲ ಎಳೆ ಸುತ್ತಿತು. ಅರೆರೆ! ಪರದೆ ತುಂಬ ಜೋಕಾಲಿಯಾಡುವ ನೇರಳೆ ಆನೆ!

ಕುಂಚ ಖುಷಿಯಿಂದ ಗಿರಗಿರನೆ ತಿರುಗಿತು. "ಇನ್ನು ದಿನವೂ ಇದನ್ನೇ ಬಿಡಿಸೋಣ! ಚುಕ್ಕಿಯನ್ನು ಸರಿಯಾಗಿ ಇಲ್ಲಿಲ್ಲೇ ಇಡು!"

ಕಣ ಬಿದ್ದುಬಿದ್ದು ನಕ್ಕಿತು. "ಅಲ್ಲಯ್ಯಾ, ತಾವರೆ ಹೋಗಿ ಆನೆ ಬಂದರೂ ನಿನ್ನ ಸಾಲು ಮಾತ್ರ ಹೋಗಲಿಲ್ಲವಲ್ಲ!"