ಬೀಗ ಜಡಿದ ಕಾವಿನ ಪೆಟ್ಟಿಗೆ

ಹೊಳೆದಂಡೆಯ ಆಶ್ರಮವೊಂದರಲ್ಲಿ ಸಾಂಬಯ್ಯನವರೆಂಬ ಗುರುಗಳಿದ್ದರು. ಜಪತಪಕ್ಕಿಂತ ಸೂಕ್ಷ್ಮದರ್ಶಕದ ಮೇಲೆ ಅವರಿಗೆ ಹೆಚ್ಚು ಭಕ್ತಿ. ದೇಹಕ್ಕೆ ಮುಪ್ಪು ಎಲ್ಲಿಂದ ಬರುತ್ತದೆ ಎಂಬುದೊಂದೇ ಅವರ ಹುಡುಕಾಟ.

ಶಿಷ್ಯ ಮರಿದೇವ ಅವರ ಬಳಿಗೆ ಬಂದು ಒಂಬತ್ತು ವರ್ಷವಾಗಿತ್ತು.

ಒಂದು ಬೆಳಿಗ್ಗೆ ಗುರುಗಳು ಅವನ ಮುಂದೆ ಎರಡು ಗಾಜಿನ ತಟ್ಟೆ ಇಟ್ಟರು.

"ಜೀವಕೋಶದ ಸುತ್ತ ನಾರಿನ ಹೆಣಿಗೆ ಇರುತ್ತೆ. ವಯಸ್ಸಾದ ಹಾಗೆ ಅದು ಬಿಗೀತಾ ಹೋಗುತ್ತೆ. ಈ ತಟ್ಟೇಲಿ ಎಳೆ ಇಲಿಯ ಹೆಣಿಗೆ ಇಟ್ಟು, ಮುದಿ ಇಲಿಯ ಜೀವಕೋಶ ಬಿಟ್ಟಿದ್ದೀನಿ. ಆ ತಟ್ಟೇಲಿ ಮುದಿ ಹೆಣಿಗೆ, ಎಳೆ ಜೀವಕೋಶ. ಐದು ದಿನ ಬಿಟ್ಟು ನೋಡು."

ಐದು ದಿನ ಬಿಟ್ಟು ನೋಡಿದರೆ ಮುದಿ ಕೋಶಗಳು ಹುರುಪಿನಿಂದ ಹೆಚ್ಚಿದ್ದವು. ಎಳೆಯವು ಮುದುಡಿ ಕೂತಿದ್ದವು.

ಮರಿದೇವನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಮುದುಕ ತಟ್ಟೆಗಳನ್ನು ಅದಲು ಬದಲು ಮಾಡಿದ್ದಾನೆ ಎನಿಸಿತು. ಗುರುಗಳಿಗೆ ಮೊದಲೇ ಪಾಠ ಹೇಳುವ ಚಟ. ಪಾಠ ಚೆನ್ನಾಗಿ ಕೂರಲೆಂದು ಒಂದು ಸುಳ್ಳು ಸೇರಿಸಿರಲೂಬಹುದು. ಮೋಸವೆಂದು ಗೊತ್ತಾದರೆ ಅಂದೇ ಗಂಟುಮೂಟೆ ಕಟ್ಟುವುದೆಂದು ನಿಶ್ಚಯಿಸಿದ.

"ಇನ್ನೊಂದು ಸಲ ನಾನೇ ಮಾಡಿ ನೋಡ್ತೀನಿ ಗುರುಗಳೇ."

"ಮಾಡು."

"ನೀವು ಆ ಕಡೆ ಬರಬಾರದು."

"ಬರಲ್ಲ."

ಇಷ್ಟು ಸುಲಭವಾಗಿ ಒಪ್ಪಿದ್ದೂ ಅವನಿಗೆ ಅನುಮಾನವೇ.

ಈ ಸಲ ಎಲ್ಲವನ್ನೂ ಕೈಯಾರೆ ಮಾಡಿದ. ತಟ್ಟೆಗಳ ಅಡಿಗೆ ಗುರುತು ಗೀರಿದ. ಕೋಶಗಳನ್ನು ಬೆಚ್ಚಗಿಡುವ ಕಾವಿನ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಊಟಕ್ಕೆ ಕೂತರೂ ಒಂದು ಕಣ್ಣು ಗುರುಗಳ ಮೇಲೆ. ಪಾಪ, ಅವರು ನೀರು ಕುಡಿಯಲು ಎದ್ದರೂ ಇವನೂ ಏಳುತ್ತಿದ್ದ.

ಐದನೆಯ ದಿನ ಬೀಗ ತೆಗೆದ. ಗುರುತುಗಳು ಇದ್ದ ಹಾಗೇ ಇದ್ದವು. ಮುದಿ ಕೋಶಗಳು ಎಳೆ ಹೆಣಿಗೆಯಲ್ಲಿ ಹೆಚ್ಚಿದ್ದವು. ಎಳೆಯವು ಮುದಿ ಹೆಣಿಗೆಯಲ್ಲಿ ಮುದುಡಿದ್ದವು.

ನಾಚಿಕೆಯಿಂದ ಮರಿದೇವ ಕುಗ್ಗಿಹೋದ. ಬೀಗ ಕೈಯಲ್ಲಿರುವಂತೆಯೇ ಓಡಿಹೋಗಿ ಗುರುಗಳ ಕಾಲು ಹಿಡಿದ.

"ತಪ್ಪಾಯ್ತು. ತಟ್ಟೆ ಬದಲಾಯಿಸಿದ್ದೀರಿ ಅಂದ್ಕೊಂಡೆ. ಇನ್ನು ಜೀವ ಇರೋವರೆಗೂ ನಿಮ್ಮ ಹತ್ತಿರಾನೇ ಇರ್ತೀನಿ."

ಗುರುಗಳು ಬೀಗವನ್ನು ಎತ್ತಿಕೊಂಡು ನೋಡಿದರು.

"ಇದು ಎಲ್ಲಿ ಸಿಕ್ತು?"

"ನಿಮ್ಮ ಕೋಣೇಲಿ. ಅಲ್ಲಿ ಬೀಗಕ್ಕೇನು ಬರ ಗುರುಗಳೇ? ಕಪಾಟಿಗೊಂದು, ಪೆಟ್ಟಿಗೆಗೊಂದು, ನೀವು ಯಾರಿಗೂ ತೋರಿಸದ ಆ ಟಿಪ್ಪಣಿಗಳಿಗೊಂದು. ಇದು ಗೂಟದಲ್ಲಿ ತೂಗ್ತಿತ್ತು."

"ಒಂಬತ್ತು ವರ್ಷದ ಹಿಂದೆ ನೀನು ಬಂದಾಗ ನಿನ್ನ ಟ್ರಂಕಿಗೆ ಬೀಗ ಇತ್ತಾ?"

"ಇರಲಿಲ್ಲ."

"ಈಗ?"

ಮರಿದೇವ ಉಡಿದಾರ ತಡವಿಕೊಂಡ. ಅಲ್ಲಿ ಎರಡು ಬೀಗದ ಕೈ ಇದ್ದವು.

ಗುರುಗಳು ಬೀಗವನ್ನು ಪಕ್ಕಕ್ಕಿಟ್ಟರು. ಅವರ ಕಣ್ಣು ತುಂಬಿತ್ತು.

"ನಾಳೆ ಬೆಳಿಗ್ಗೆ ದೋಣಿ ಹತ್ತು," ಎಂದರು.

"ಮೋಸ ಇಲ್ಲ ಅಂತ ಗೊತ್ತಾದ ಮೇಲೂ ಕಳಿಸ್ತೀರಾ ಗುರುಗಳೇ?"

"ಗೊತ್ತಾಯ್ತಲ್ಲ, ಅದಕ್ಕೇ. ನಾನು ಮುದಿ ಹೆಣಿಗೆ, ನೀನಿನ್ನೂ ಎಳೆಯವನು ಮಗು. ಎರಡೂ ಬೀಗ ಇಲ್ಲೇ ಬಿಟ್ಟು ಹೋಗು."